ಅಡುಗೆಮನೆ ಗ್ಯಾಸು ಆಮ್ನಿ ಹತ್ತಿದ ಕಥೆ

ಸಾಗರ ರಸ್ತೇಲಿ ಆಯನೂರಿಂದ ಶಿವಮೊಗ್ಗಕ್ಕೆ ಹದಿನೆಂಟಿಪ್ಪತ್ತು ಕಿಲೋಮೀಟರ್. ಇಪ್ಪತ್ತು ವರ್ಷದ ಹಿಂದೆ ಈ ದಾರೀಲಿ ಬಾಡಿಗೆ ಆಮ್ನಿ ಹತ್ತಿದವರಿಗೆಲ್ಲ ಹಿಂದಿನ ಸೀಟಿನ ಬೆನ್ನಿಗೆ ಏನಿರ್ತಿತ್ತು ಅಂತ ಗೊತ್ತು. ಗೋಣಿಚೀಲಾನೋ ಹಳೇ ಜಮಖಾನಾನೋ ಹೊದ್ದುಕೊಂಡ ಒಂದು ಕೆಂಪು ಸಿಲಿಂಡರು. ಅಡುಗೆಮನೇಲಿ ನಿಂತಿರಬೇಕಾದ್ದು ಅಲ್ಲಿ ಮಲಗಿರ್ತಿತ್ತು. ಈ ಕಥೆ ಹೇಳೋರೆಲ್ಲ ಮೆಕ್ಯಾನಿಕ್ಕಿನ ಬುದ್ಧಿವಂತಿಕೆಯಿಂದ ಶುರು ಮಾಡ್ತಾರೆ. ನಾನು ಒಲೆಯಿಂದ ಶುರು ಮಾಡ್ತೀನಿ, ಯಾಕಂದ್ರೆ ಪೆಟ್ರೋಲು ಸಿಗದೇ ಹೋದಾಗ, ತುಟ್ಟಿಯಾದಾಗ, ಜನ ಕೈ ಹಾಕಿದ್ದು ಒಲೆಗೇನೇ.

ಮೊದಲ ಸಲ ಕೈ ಹಾಕಿದ್ದು ಇದ್ದಿಲಿಗೆ. ಎರಡನೇ ಮಹಾಯುದ್ಧದಲ್ಲಿ, 1941ರಲ್ಲಿ, ಪೆಟ್ರೋಲಿಗೆ ರೇಷನ್ ಬಂತು. ಮರುವರ್ಷ ಬರ್ಮಾ ಜಪಾನಿನವರ ಪಾಲಾಯ್ತು, ಅಲ್ಲಿಂದ ಬರ್ತಿದ್ದ ಎಣ್ಣೆಯೂ ನಿಂತುಹೋಯ್ತು. ಆಗ ಬಸ್ಸುಗಳ ಬೆನ್ನಿಗೆ ಕಬ್ಬಿಣದ ಒಂದು ದೊಡ್ಡ ಡ್ರಮ್ಮು ಕಟ್ಟಿದ್ರು. ಅದರ ತುಂಬ ಇದ್ದಿಲು. ಕೆಳಗೆ ಬೆಂಕಿ ಹಾಕಿ ಗಾಳಿ ಸಾಲದ ಹಾಗೆ ಉರಿಸಿದ್ರೆ ಇದ್ದಿಲು ಪೂರ್ತಿ ಸುಡೋದಿಲ್ಲ, ಉರಿಯೋ ಒಂದು ಅನಿಲ ಬಿಡತ್ತೆ. ಅದನ್ನ ತಣಿಸಿ, ಬೂದಿ ಸೋಸಿ, ಗಾಳಿ ಜೊತೆ ಬೆರೆಸಿ ಇಂಜಿನ್ನಿಗೆ ಕೊಡೋದು. ಒಂದು ಲೀಟರ್ ಪೆಟ್ರೋಲಿನ ಕೆಲಸಕ್ಕೆ ಹೆಚ್ಚುಕಮ್ಮಿ ಒಂದೂವರೆ ಕಿಲೋ ಇದ್ದಿಲು ಬೇಕು. ಹೊರಡೋ ಮೊದಲು ಕೈಯಲ್ಲಿ ತಿದಿ ತಿರುಗಿಸಿ ಕೆಂಡ ಮಾಡಬೇಕು. ಇಷ್ಟೆಲ್ಲ ಮಾಡಿದ್ರೂ ಇಂಜಿನ್ನಿನ ಶಕ್ತಿ ಮೂರರಲ್ಲಿ ಒಂದು ಪಾಲೋ ಅದಕ್ಕಿಂತ ಹೆಚ್ಚೋ ಕಮ್ಮಿಯಾಗೋದು. ಏರು ಬಂದಾಗ ಟಿಕೆಟ್ ತಗೊಂಡವರೇ ಇಳಿದು ನೂಕೋದು ಅನ್ನೋದು ಹಿರಿಯರ ಬಾಯಲ್ಲಿ ತಮಾಷೆಯಾಗಿ ಬರತ್ತೆ. ತಮಾಷೆಯಲ್ಲದ್ದು ಇನ್ನೊಂದಿತ್ತು. ಆ ಅನಿಲದಲ್ಲಿ ಉರಿಯೋ ಮುಖ್ಯ ಭಾಗ ಕಾರ್ಬನ್ ಮೊನಾಕ್ಸೈಡು, ಬಣ್ಣ ಇಲ್ಲ, ವಾಸನೆ ಇಲ್ಲ, ಮುಚ್ಚಿದ ಶೆಡ್ಡಿನಲ್ಲಿ ಸೋರಿದ್ರೆ ಮನುಷ್ಯ ನಿದ್ದೆಯಲ್ಲೇ ಹೋದ.

ಇದ್ದಿಲಿನ ವಿದ್ಯೆ ನಮ್ಮ ಜಿಲ್ಲೆಗೆ ಹೊಸದೇನಲ್ಲ. ಪಕ್ಕದ ಭದ್ರಾವತಿ ನೋಡಿ. ವಿಶ್ವೇಶ್ವರಯ್ಯನವರು ಪಟ್ಟು ಹಿಡಿದು ಕಟ್ಟಿಸಿದ ಕಬ್ಬಿಣದ ಕಾರ್ಖಾನೇಲಿ 1923ರಲ್ಲಿ ಊದುಕುಲುಮೆ ಹೊತ್ತಿದ್ದು ಕಲ್ಲಿದ್ದಲಿನಿಂದಲ್ಲ, ಮಲೆನಾಡಿನ ಕಾಡಿನ ಸೌದೆ ಇದ್ದಿಲಿನಿಂದ. ಸೌದೆ ಬಟ್ಟಿ ಇಳಿಸಿ ಇದ್ದಿಲಿನ ಜೊತೆಗೆ ಡಾಂಬರು, ಮರದ ಸ್ಪಿರಿಟ್ಟು ಎಲ್ಲ ತೆಗೀತಿದ್ರು. ಕಾಡಿನ ಮರ ಉಕ್ಕಾಗಿ ಹೋಗೋದನ್ನ ನೋಡಿದ ಸೀಮೆಗೆ ಇದ್ದಿಲಿನ ಬಸ್ಸು ಅಂಥಾ ವಿಚಿತ್ರ ಅನ್ನಿಸಿರಲಿಕ್ಕಿಲ್ಲ. ಯುದ್ಧ ಮುಗಿದು ಪೆಟ್ರೋಲು ಸಲೀಸಾಗಿ ಸಿಗೋಕೆ ಶುರುವಾದದ್ದೇ ಡ್ರಮ್ಮುಗಳು ಗುಜರಿಗೆ ಹೋದ್ವು.

ಇನ್ನು ಎಲ್‌ಪಿಜಿ. ಅದನ್ನ ಕಂಡುಹಿಡಿಯೋಕೆ ಕಾರಣವೇ ಕಾರು ಅಂದ್ರೆ ನಂಬ್ತೀರಾ? 1910ರ ಸುಮಾರಿಗೆ ಅಮೆರಿಕದಲ್ಲಿ ಒಬ್ಬ ಫೋರ್ಡ್ ಕಾರಿನವನು, ಹಾಕಿಸಿದ ಪೆಟ್ರೋಲು ಮನೆ ಮುಟ್ಟೋದ್ರೊಳಗೆ ಅರ್ಧ ಆವಿಯಾಗಿ ಹೋಗತ್ತೆ ಅಂತ ದೂರು ಕೊಟ್ಟನಂತೆ. ವಾಲ್ಟರ್ ಸ್ನೆಲ್ಲಿಂಗ್ ಅನ್ನೋ ಸರ್ಕಾರಿ ರಸಾಯನ ವಿಜ್ಞಾನಿ ಆ ಆವಿ ಹಿಡಿದು ನೋಡಿದಾಗ ಸಿಕ್ಕಿದ್ದು ಪ್ರೊಪೇನು, ಬ್ಯುಟೇನು. ಒತ್ತಿದ್ರೆ ನೀರಾಗತ್ತೆ, ಬಿಟ್ರೆ ಆವಿಯಾಗತ್ತೆ. ನಮ್ಮ ದೇಶಕ್ಕೆ ಅದು ಬಂದಿದ್ದು ಒಲೆಗೆ, 1955ರಲ್ಲಿ ಬೊಂಬಾಯಿಗೆ. ಇಂಡೇನ್ ಶುರುವಾಗಿದ್ದು 1965ರಲ್ಲಿ. ಹಳ್ಳಿ ಕಡೆ ಬರೋಕೆ ಇನ್ನೂ ಎಷ್ಟೋ ವರ್ಷ ಹಿಡೀತು. ಕನೆಕ್ಷನ್ನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದ ಮನೆಗಳಿದ್ವು. ಮದುವೆ ಮಾತುಕತೇಲಿ "ಗ್ಯಾಸ್ ಇದೆಯಾ" ಅಂತ ಹೆಣ್ಣಿನ ಕಡೆಯವರು ಕೇಳ್ತಿದ್ದ ಕಾಲ ಅದು.

1984ರಲ್ಲಿ ಮಾರುತಿ ವ್ಯಾನ್ ಬಂತು, ಆಮೇಲೆ ಅದಕ್ಕೇ ಆಮ್ನಿ ಅಂತ ಹೆಸರಾಯ್ತು. 796 ಸಿಸಿಯ ಪುಟ್ಟ ಇಂಜಿನ್ನು, ಅದೂ ಮುಂದಿನ ಸೀಟಿನ ಅಡಿಗೆ. ಹಿಂದೆ ಬೇಕಾದಷ್ಟು ಜಾಗ. ಸಿಲಿಂಡರು ಮಲಗಿಸೋಕೆ ಇದಕ್ಕಿಂತ ಅನುಕೂಲದ ಗಾಡಿ ಇಲ್ಲ. ಕಾರ್ಬುರೇಟರಿನ ಮೇಲೆ ಒಂದು ಮಿಕ್ಸರ್, ಇಂಜಿನ್ನಿನ ಬಿಸಿನೀರು ಸುತ್ತಿಸಿ ದ್ರವವನ್ನ ಆವಿ ಮಾಡೋ ರೆಡ್ಯೂಸರ್, ಪೆಟ್ರೋಲು ತಡೆಯೋಕೊಂದು ವಾಲ್ವು, ಡ್ಯಾಶ್‌ಬೋರ್ಡಿನಲ್ಲಿ ಪೆಟ್ರೋಲ್-ಗ್ಯಾಸ್ ಸ್ವಿಚ್ಚು. ಕಿಟ್ ಅಂದ್ರೆ ಇಷ್ಟೇ. ಕೈ ಪಳಗಿದವನಿಗೆ ಒಂದು ದಿನದ ಕೆಲಸ.

ಬಿಸಿನೀರು ಎಂತಕ್ಕೆ ಅಂದ್ರೆ, ದ್ರವ ಆವಿಯಾಗುವಾಗ ಸುತ್ತಲಿನ ಶಾಖ ಎಳ್ಕೊಳ್ಳತ್ತೆ. ಒಲೆಗೆ ಬೇಕಾಗೋದು ಗಂಟೆಗೆ ಸ್ವಲ್ಪವೇ, ಹಾಗಾಗಿ ಸಿಲಿಂಡರಿಗೆ ಗೊತ್ತೇ ಆಗೋದಿಲ್ಲ. ಇಂಜಿನ್ನು ಹಂಗಲ್ಲ, ಗಟಗಟ ಕುಡಿಯತ್ತೆ. ಮೇಲಿನ ಆವಿಯನ್ನೇ ಎಳೆದ್ರೆ ಸಿಲಿಂಡರು ಬೆವರಿ, ಮಂಜು ಕಟ್ಟಿ, ಒತ್ತಡ ಬಿದ್ದು ಗಾಡಿ ಕೆಮ್ಮೋಕೆ ಶುರು ಮಾಡತ್ತೆ. ಅದಕ್ಕೇ ಮಲಗಿಸೋದು, ತಲೆಕೆಳಗು ಮಾಡೋದು, ದ್ರವವನ್ನೇ ಎಳೆಯೋದು. ಅಪಾಯ ಇದ್ದದ್ದೂ ಇಲ್ಲೇ. ಒಂದು ಪಾಲು ದ್ರವ ಸೋರಿದ್ರೆ ಇನ್ನೂರೈವತ್ತು ಪಾಲು ಆವಿ. ಅದು ಗಾಳಿಗಿಂತ ಭಾರ, ಕಿಟಕಿ ತೆಗೆದ್ರೂ ಬೇಗ ಹೋಗೋದಿಲ್ಲ, ಮ್ಯಾಟಿನ ಮೇಲೆ ಹರಡಿ ಕಿಡಿಗೆ ಕಾಯತ್ತೆ. ವಾಹನಕ್ಕೇ ಅಂತ ಮಾಡಿದ ಟ್ಯಾಂಕಿನಲ್ಲಿ ನೂರಕ್ಕೆ ಎಂಬತ್ತು ಭಾಗ ತುಂಬಿದ ತಕ್ಷಣ ತಾನೇ ನಿಲ್ಲೋ ವಾಲ್ವು ಇರತ್ತೆ, ಪೈಪು ಕಿತ್ರೆ ಹರಿವು ತಡೆಯೋ ವಾಲ್ವು ಇರತ್ತೆ, ಸೋರಿದ್ದು ಹೊರಗೆ ಹೋಗೋಕೆ ಗಾಡಿಯಡಿಗೆ ದಾರಿ ಇರತ್ತೆ. ಅಡುಗೆ ಸಿಲಿಂಡರಿಗೆ ಇದ್ಯಾವುದೂ ಇಲ್ಲ, ಪಾಪ ಅದನ್ನ ಮಾಡಿದ್ದೇ ಒಂದು ಮೂಲೇಲಿ ಅಲುಗಾಡದೆ ನಿಲ್ಲೋಕೆ.

ಕಾನೂನು ನಿಧಾನಕ್ಕೆ ಬಂತು. 2000ದಲ್ಲಿ ಮೋಟಾರು ವಾಹನ ಕಾಯ್ದೆ ತಿದ್ದಿ ಗ್ಯಾಸ್ ಕಿಟ್ಟಿಗೆ ದಾರಿ ಮಾಡಿದ್ರು, 2001ರಲ್ಲಿ ವಾಹನದ ಎಲ್‌ಪಿಜಿಗೇ ಪ್ರತ್ಯೇಕ ಆದೇಶ ಬಂತು. ಒಪ್ಪಿಗೆ ಪಡೆದ ಕಿಟ್ಟು, ಪ್ರತ್ಯೇಕ ಟ್ಯಾಂಕು, ಆರ್‌ಸಿ ಪುಸ್ತಕದಲ್ಲಿ ನಮೂದು, ಬಂಕಿನಲ್ಲೇ ಭರ್ತಿ. ಬೆಂಗಳೂರಿನ ಆಟೋಗಳು ಈ ದಾರಿಗೆ ಬಂದ್ವು. ಹಳ್ಳಿ ಕಡೆಯ ಆಮ್ನಿಯವನಿಗೆ ಗ್ಯಾಸ್ ಬಂಕು ದೂರ, ಮನೆ ಒಲೆ ಹತ್ತಿರ.

ದುಡ್ಡಿನ ಲೆಕ್ಕ ನೋಡಿದ್ರೆ ಯಾರನ್ನೂ ಬಯ್ಯೋಕೆ ಮನಸ್ಸಾಗೋದಿಲ್ಲ. ಮನೆ ಸಿಲಿಂಡರಿನಲ್ಲಿ 14.2 ಕಿಲೋ. ಶಾಖದ ಲೆಕ್ಕದಲ್ಲಿ ಅದು ಸುಮಾರು 20 ಲೀಟರ್ ಪೆಟ್ರೋಲಿಗೆ ಸಮ. 2010ರ ಜೂನಿನಲ್ಲಿ ಪೆಟ್ರೋಲ್ ದರದ ಮೇಲಿನ ಸರ್ಕಾರದ ಹಿಡಿತ ತೆಗೆದ್ರು. 2012ರ ಮೇನಲ್ಲಿ ದಿಲ್ಲಿಯಲ್ಲಿ ಲೀಟರ್ 73 ರೂಪಾಯಿ ದಾಟಿತ್ತು. ಅಲ್ಲೇ ಸಬ್ಸಿಡಿ ಸಿಲಿಂಡರು 400ಕ್ಕಿಂತ ಕಮ್ಮಿ. ಅಂದ್ರೆ 1,460 ರೂಪಾಯಿಯ ದಾರಿ 400ರೊಳಗೆ. ಬ್ಲಾಕಿನಲ್ಲಿ ಎರಡರಷ್ಟು ಕೊಟ್ಟು ತಗೊಂಡ್ರೂ ಲಾಭವೇ. ದಿನಾ ಶಾಲೆ ಮಕ್ಕಳನ್ನ ತುಂಬ್ಕೊಂಡು ಓಡಾಡೋನಿಗೆ ಈ ವ್ಯತ್ಯಾಸದಲ್ಲೇ ಸಾಲದ ಕಂತು ಹುಟ್ಟೋದು. ಆದ್ರೆ ಅದೇ ಮಕ್ಕಳು ಕೂರ್ತಿದ್ದದ್ದು ಆ ಸಿಲಿಂಡರಿಗೇ ಬೆನ್ನು ಕೊಟ್ಟು. ಇದನ್ನ ನೆನೆಸಿಕೊಂಡ್ರೆ ಈಗ್ಲೂ ನನಗೆ ಸಮಾಧಾನ ಇಲ್ಲ.

ಸಿಲಿಂಡರು ಸಿಗ್ತಿದ್ದದ್ದು ಹೇಗೆ? ಮೆಕ್ಯಾನಿಕ್ಕಿನ ಕಥೇಲಿ ಈ ಪ್ರಶ್ನೆನೇ ಇರೋದಿಲ್ಲ. ಮಲೆನಾಡಿನ ಮನೆಗಳಲ್ಲಿ ಸ್ನಾನದ ಹಂಡೆಗೆ ಗ್ಯಾಸ್ ಇಲ್ಲ, ಕಟ್ಟಿಗೆ. ದನದ ಹಿಂಡಿಗೂ ಕಟ್ಟಿಗೆ ಒಲೆ. ಕೆಲವರ ಮನೇಲಿ ಗೋಬರ್ ಗ್ಯಾಸೂ ಇತ್ತು. ಹಿಂಗಾಗಿ ವರ್ಷಕ್ಕೆ ಮೂರ್ನಾಲ್ಕು ಸಿಲಿಂಡರು ಉಳಿಯೋದು, ಉಳಿದಿದ್ದು ಗಾಡಿಗೆ. ಉಳೀದೇ ಇದ್ರೆ ಉಳಿಸೋದು, ಉಳಿಸೋ ಕೆಲಸ ಹೆಂಗಸರದ್ದು. ನನ್ನ ಚಿಕ್ಕಪ್ಪ ವ್ಯಾನ್ ಇಟ್ಟಿದ್ದ ವರ್ಷಗಳಲ್ಲಿ ಚಿಕ್ಕಮ್ಮ ಮಳೆಗಾಲದಲ್ಲೂ ಹಸಿ ಕಟ್ಟಿಗೆ ಊದ್ತಾ ಅನ್ನ ಮಾಡ್ತಿದ್ರು. ಒಂದಿನ ಕಣ್ಣೊರೆಸ್ಕೊಳ್ತಾ, "ನಿಮ್ಮ ಗಾಡಿ ಹೊಟ್ಟೆ ತುಂಬ್ಲಿ, ಮನೆ ಜನದ್ದು ನಾಳೆ ನೋಡಿದ್ರಾಯ್ತು ಅಲ್ವಾ?" ಅಂದಿದ್ರು. ಚಿಕ್ಕಪ್ಪ ಮಾತಾಡ್ಲಿಲ್ಲ. ಮಾರನೇ ದಿನವೂ ಗಾಡಿ ಗ್ಯಾಸಲ್ಲೇ ಹೋಯ್ತು.

ಇದು ನಿಂತಿದ್ದು ಪೊಲೀಸಿನವರ ದಾಳಿಯಿಂದ ಅಂತ ನನಗೆ ಅನ್ನಿಸೋದಿಲ್ಲ. 2012ರ ಸೆಪ್ಟೆಂಬರಿನಲ್ಲಿ ಮನೆಗೆ ವರ್ಷಕ್ಕೆ ಆರೇ ಸಬ್ಸಿಡಿ ಸಿಲಿಂಡರು ಅಂದ್ರು. ಮರುವರ್ಷ ಜನವರೀಲಿ ಒಂಬತ್ತಾಯ್ತು, 2014ರಲ್ಲಿ ಹನ್ನೆರಡು. 2015ರ ಜನವರಿಯಿಂದ ದೇಶಕ್ಕೆಲ್ಲ ಸಬ್ಸಿಡಿ ಬ್ಯಾಂಕಿಗೆ, ಸಿಲಿಂಡರಿಗೆ ಪೂರ್ತಿ ದರ. ಅಗ್ಗದ ಸಿಲಿಂಡರೇ ಇಲ್ಲ ಅಂದಮೇಲೆ ಗೋಣಿಚೀಲದಡಿ ಮಲಗಿಸೋಕೆ ಎಂತ ಕಾರಣ? ಕಾರ್ಬುರೇಟರ್ ಹೋಗಿ ಇಂಜೆಕ್ಷನ್ ಬಂದದ್ದೂ ಸೇರ್ಕೊಳ್ತು. ಹಳೇ ಮಿಕ್ಸರ್ ಅದಕ್ಕೆ ಸರಿ ಕೂರೋದಿಲ್ಲ. 2019ರಲ್ಲಿ ಆಮ್ನಿ ತಯಾರಿಕೆಯೇ ನಿಂತಿತು.

ಹಳೇ ಆಮ್ನಿಗಳು ಈಗ್ಲೂ ಕೈ ಬದಲಾಗ್ತಾ ಇರ್ತವೆ. ಕೊಳ್ಳೋರಿದ್ರೆ ಆರ್‌ಸಿಯಲ್ಲಿ ಇಂಧನ ಏನಂತ ಬರೆದಿದೆ ನೋಡಿ. ಬರೀ ಪೆಟ್ರೋಲ್ ಅಂತಿದ್ರೆ ಹಿಂದಿನ ಮ್ಯಾಟ್ ಎತ್ತಿ ನೋಡಿ. ಪೈಪು ಹಾದುಹೋಗಿದ್ದ ತೂತು, ಅದಕ್ಕೆ ಮೆತ್ತಿದ ಎಂಸೀಲು, ತಗಡಿನ ಮೇಲೆ ಸಿಲಿಂಡರಿನ ಬಳೆ ಕೊರೆದ ತುಕ್ಕಿನ ಗೆರೆ, ಇಷ್ಟು ಸಿಕ್ಕಿದ್ರೆ ಆ ಗಾಡಿ ಯಾವ ಒಲೇದು ತಿಂದು ಓಡಿತ್ತು ಅಂತ ಗೊತ್ತಾಗತ್ತೆ.