ಸೀಮೆಮೊಲ

ಕೆಂಪೇಗೌಡರು ಬೆಂಗಳೂರಿಗೆ ಜಾಗ ಆರಿಸಿದ ಕಥೆಯನ್ನು ನಮ್ಮ ಕಡೆ ಹೇಳದ ಮೇಷ್ಟರಿಲ್ಲ. ಯಲಹಂಕದ ನಾಡಪ್ರಭುಗಳು ಬೇಟೆಗೆ ಹೊರಟಾಗ ಮೊಲವೊಂದು ಬೇಟೆನಾಯಿಯನ್ನೇ ಅಟ್ಟಿಸಿಕೊಂಡು ಹೋಯಿತಂತೆ. ಇದು ಗಂಡುಭೂಮಿಯೆಂದು ಗೌಡರು ಅಲ್ಲಿಯೇ ಊರು ಕಟ್ಟಲು ಮನಸ್ಸು ಮಾಡಿದರಂತೆ. ಆ ಊರು ಕಟ್ಟಿದ ವರ್ಷ 1537 ಎಂದು ಪಠ್ಯಪುಸ್ತಕಗಳಲ್ಲಿದೆ. ವಿಜಯನಗರದ ಹುಟ್ಟಿಗೂ ಇಂಥದೇ ಮೊಲದ ಕಥೆಯುಂಟು. ಎರಡೂ ಐತಿಹ್ಯಗಳು, ಇತಿಹಾಸವಲ್ಲ. ಆದರೆ ನಮ್ಮ ಜನ ಮೊಲದ ಬಗ್ಗೆ ಏನು ನಂಬಿದ್ದರೆಂಬುದಕ್ಕೆ ಇವು ಸಾಕ್ಷಿ: ನೋಡಲು ಪುಕ್ಕಲು, ಆದರೆ ತನ್ನ ಪಾಡು ತಾನು ನೋಡಿಕೊಳ್ಳಬಲ್ಲ ಪ್ರಾಣಿ. ಪಂಚತಂತ್ರದ ಸಿಂಹವನ್ನು ಬಾವಿಗೆ ಕೆಡವಿದ್ದೂ ಮೊಲವೇ ಅಲ್ಲವೇ!

ಈ ನಂಬಿಕೆಯೇ ಇಂದು ಒಂದು ಬಡಪ್ರಾಣಿಗೆ ಮುಳುವಾಗಿದೆ.

ಆರ್.ಟಿ. ನಗರದ ನಮ್ಮ ಬೀದಿಯಲ್ಲಿ ಒಂದು ಸಂಸಾರ ಬಾಡಿಗೆ ಮನೆ ಖಾಲಿ ಮಾಡುತ್ತಿತ್ತು. ಮಗನ ಹುಟ್ಟುಹಬ್ಬಕ್ಕೆಂದು ತಂದಿದ್ದ ಬಿಳಿ ಮೊಲವನ್ನು ಹೊಸ ಮನೆಯ ಮಾಲೀಕರು ಒಲ್ಲೆ ಎಂದಿದ್ದರು. "ಹೆಬ್ಬಾಳ ಕೆರೆ ಪಕ್ಕ ಪೊದೆಯಲ್ಲಿ ಬಿಟ್ಟುಬಿಡ್ತೀವಿ ಮೇಡಂ. ಮೊಲ ತಾನೇ, ಹೇಗೋ ಬದುಕಿಕೊಳ್ಳುತ್ತೆ" ಎಂದರು ಆ ತಾಯಿ. ಅವರ ಮಾತಿನಲ್ಲಿ ಕ್ರೌರ್ಯವಿರಲಿಲ್ಲ. ಬಂಧನದಿಂದ ಬಿಡುಗಡೆ ಕೊಡುತ್ತಿದ್ದೇವೆಂಬ ಸಮಾಧಾನವೇ ಇತ್ತು. ನಾನು ಗೂಡಿನ ಸಮೇತ ಅದನ್ನು ಮನೆಗೆ ತಂದೆ. ಅಂದಿನಿಂದ ಇದರ ಕುಲಗೋತ್ರ ಹುಡುಕುವುದು ನನಗೊಂದು ಹವ್ಯಾಸವಾಯಿತು.

ಎಡವಟ್ಟು ಇರುವುದು ನಮ್ಮ ಮಾತಿನಲ್ಲಿಯೇ. ಎರಡು ಬೇರೆ ಬೇರೆ ಪ್ರಾಣಿಗಳನ್ನು ನಾವು 'ಮೊಲ' ಎಂಬ ಒಂದೇ ಹೆಸರಿನಿಂದ ಕರೆಯುತ್ತೇವೆ. ನಮ್ಮ ಹೊಲ, ಕುರುಚಲು ಕಾಡಿನದು ಕತ್ತಿನ ಹಿಂದೆ ಕಪ್ಪು ಮಚ್ಚೆಯಿರುವ ಕಂದುಬಣ್ಣದ ಕಾಡುಮೊಲ. ಅದು ಬಿಲ ತೋಡುವುದಿಲ್ಲ. ಹುಲ್ಲಿನ ಮರೆಯ ತಗ್ಗಿನಲ್ಲಿ ಮಲಗುತ್ತದೆ. ಅದರ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ತೆರೆದ ಕಣ್ಣು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದನ್ನು ಕಾಯುತ್ತದೆ. ಹಿಡಿದು ಸಾಕುವುದು ಅಪರಾಧ. ಗೂಡಿನ ಮೊಲವಾದರೋ ಸ್ಪೇನ್, ಪೋರ್ಚುಗಲ್ ಸೀಮೆಯ ಬಿಲವಾಸಿ ಮೊಲದ ಸಂತತಿ. ಮರಿ ಹುಟ್ಟುವಾಗ ಬೆತ್ತಲೆ, ಕುರುಡು. ಈ ಎರಡಕ್ಕೂ ಕೂಡಿ ಮರಿಯಾಗುವುದಿಲ್ಲ. ಅಷ್ಟು ದೂರದ ನಂಟು.

ರೋಮನ್ನರು ಈ ಮೊಲಗಳನ್ನು ಗೋಡೆಯೊಳಗೆ ಕೂಡಿಟ್ಟು ಮಾಂಸಕ್ಕಾಗಿ ಸಾಕಿದರು. ಶತಮಾನಗಳ ಸಾಕಣೆಯಲ್ಲಿ ಬಿಳಿ, ಕಪ್ಪು, ಜೋಲುಕಿವಿಯ ತಳಿಗಳಾದವು. 1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನುದಾರ ಬೇಟೆಯ ಮೋಜಿಗೆಂದು ಇಂಗ್ಲೆಂಡಿನಿಂದ ಆಸ್ಟ್ರೇಲಿಯಕ್ಕೆ ಮೊಲಗಳನ್ನು ತರಿಸಿದ. ಎರಡು ಡಜನ್ ಮೊಲಗಳ ಸಂತಾನ ಆ ಖಂಡದ ಹುಲ್ಲುಗಾವಲನ್ನೇ ಬೋಳಿಸಿತು. ಅವು ಬಹುಮಟ್ಟಿಗೆ ಕಾಡುತಳಿಯವು, ಬಿಲ ಬಲ್ಲವು. ಕಾಂಕ್ರೀಟ್ ಮನೆಯ ಬಾಲ್ಕನಿಯಲ್ಲಿ ಬೆಳೆದ ಬಿಳಿ ಮೊಲ ಕೆರೆದಂಡೆಯ ನಾಯಿ, ಬೆಕ್ಕು, ಹದ್ದುಗಳ ನಡುವೆ ಎಷ್ಟು ದಿನ ಬಾಳೀತು? ಮೈಬಣ್ಣವೇ ಅದನ್ನು ಹಿಡಿದುಕೊಡುತ್ತದೆ.

ಮನುಷ್ಯರು ಈ ಪ್ರಾಣಿಗೆ ತೀರಿಸದ ಸಾಲವೂ ಒಂದಿದೆ. 1885ರಲ್ಲಿ ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್ ಹುಚ್ಚುನಾಯಿ ಕಡಿದ ಹುಡುಗನಿಗೆ ಕೊಟ್ಟ ಮದ್ದು ಸಿದ್ಧವಾದದ್ದು ಮೊಲದ ಒಣಗಿಸಿದ ಬೆನ್ನುಹುರಿಯಿಂದ. ನಾಯಿಯನ್ನು ಅಟ್ಟಿದ ಮೊಲ ನಮ್ಮ ಐತಿಹ್ಯದಲ್ಲಿದ್ದರೆ, ನಾಯಿಯ ಹಲ್ಲಿನಿಂದ ಮನುಷ್ಯನನ್ನು ಉಳಿಸಲು ಜೀವ ಕೊಟ್ಟ ಮೊಲ ನಿಜವಾದ ಇತಿಹಾಸದಲ್ಲಿದೆ. ಮುಂದೆ 1944ರಲ್ಲಿ ಅಮೆರಿಕದ ಜಾನ್ ಡ್ರೇಜ್ ರೂಪಿಸಿದ ಪರೀಕ್ಷೆಯಿಂದ ಸೋಪು, ಬಣ್ಣಗಳ ಉರಿಯನ್ನು ಮೊಲದ ಕಣ್ಣಿಗೆ ಹಾಕಿ ನೋಡುವುದು ವಾಡಿಕೆಯಾಯಿತು. ಭಾರತ 2014ರಲ್ಲಿ ಸೌಂದರ್ಯವರ್ಧಕಗಳಿಗಾಗಿ ಪ್ರಾಣಿಗಳ ಮೇಲೆ ಪ್ರಯೋಗ ನಡೆಸುವುದನ್ನು ನಿಷೇಧಿಸಿತು. ನಮ್ಮಲ್ಲಿ ಪ್ರಾಣಿಹಿಂಸೆಯನ್ನು ತಡೆಯುವ ಕಾಯಿದೆ 1960ರಲ್ಲಿಯೇ ಬಂದಿತ್ತು. ಅದಕ್ಕಾಗಿ ರಾಜ್ಯಸಭೆಯಲ್ಲಿ ದನಿಯೆತ್ತಿದವರು ನೃತ್ಯಗಾತಿ ರುಕ್ಮಿಣೀದೇವಿ ಅರುಂಡೇಲ್.

ಉತ್ತರ ಬೆಂಗಳೂರಿಗೂ ಈ ಕರುಣೆಯ ಚರಿತ್ರೆಯಲ್ಲಿ ಪಾಲಿದೆ. ಹೆಬ್ಬಾಳದಲ್ಲಿ 1958ರಲ್ಲಿ ಪಶುವೈದ್ಯಕೀಯ ಕಾಲೇಜು ಆರಂಭವಾಯಿತು. ಎಂಬತ್ತು ದಾಟಿದ ಕ್ರಿಸ್ಟಲ್ ರೋಜರ್ಸ್ ಎಂಬ ಆಂಗ್ಲ ಮಹಿಳೆ ಬೆಂಗಳೂರಿಗೆ ಬಂದು 1991ರಲ್ಲಿ 'ಕ್ಯೂಪಾ' ಎಂಬ ಪ್ರಾಣಿದಯಾ ಸಂಸ್ಥೆಯನ್ನು ಕಟ್ಟಿದರು. ಆ ಸಂಸ್ಥೆ ಅದೇ ಕಾಲೇಜಿನ ಆವರಣದಲ್ಲಿ ಗಾಯಗೊಂಡ, ದಿಕ್ಕಿಲ್ಲದ ಪ್ರಾಣಿಗಳಿಗೆ ಆಸರೆಯಾಯಿತು. ಬೇರೆಯವರು ಬಿಟ್ಟ ಪ್ರಾಣಿಯನ್ನು ತಂದು ಸಾಕುವುದು ಹುಚ್ಚಲ್ಲ, ಸಭ್ಯತೆ ಎಂಬ ಭಾವನೆ ಈ ಊರಿನಲ್ಲಿ ಬೇರೂರಲು ಇಂಥವರೇ ಕಾರಣ.

ಸಾಕಲು ತೊಡಗಿದಾಗ ತಿಳಿದದ್ದು ಹಲವು. ಮೊಲದ ಊಟವೆಂದರೆ ಚಿತ್ರಪಟದ ಗಜ್ಜರಿಯಲ್ಲ, ಹುಲ್ಲು. ಅದರ ಹಲ್ಲು ಸಾಯುವವರೆಗೂ ಬೆಳೆಯುತ್ತದೆ. ಹುಲ್ಲು ಅಗಿದರೆ ಮಾತ್ರ ಸವೆಯುತ್ತದೆ. ಗಣೇಶನ ಹಬ್ಬಕ್ಕಷ್ಟೇ ನೆನಪಾಗುತ್ತಿದ್ದ ಗರಿಕೆ ಈಗ ನಮ್ಮ ಮನೆಗೆ ದಿನವೂ ಬರುತ್ತದೆ. ಏಪ್ರಿಲ್ ಸೆಖೆ ಅದಕ್ಕೆ ಶತ್ರು; ಗೂಡಿನ ಮೇಲೆ ಒದ್ದೆ ಗೋಣಿ ಹೊದಿಸಬೇಕು. ಕಿವಿ ಹಿಡಿದು ಎತ್ತಲೇಬಾರದು. ನೋವನ್ನು ಹೇಳಿಕೊಳ್ಳದ ಪ್ರಾಣಿಯಾದ್ದರಿಂದ ಒಂದು ಹೊತ್ತು ಮೇವು ಬಿಟ್ಟರೂ ವೈದ್ಯರ ಬಳಿಗೆ ಓಡಬೇಕು.

ಸೀಮೆಸುಣ್ಣ, ಸೀಮೆಎಣ್ಣೆ, ಸೀಮೆಬದನೆ ಎಂದು ಹೊರಗಿನಿಂದ ಬಂದದ್ದಕ್ಕೆಲ್ಲ ಗುರುತು ಹಚ್ಚಿದವರು ನಾವು. ಸೀಮೆಹಸುವಿಗೆ ನಾಟಿಹಸುವಿನ ಆರೈಕೆ ಸಾಲದೆಂದು ಯಾವ ರೈತನಿಗೂ ಹೇಳಿಕೊಡಬೇಕಿಲ್ಲ. ಆ ತಿಳಿವು ಹೆಸರಿನಲ್ಲಿಯೇ ಇದೆ. ಇದನ್ನೂ ಎಲ್ಲರೂ ಸೀಮೆಮೊಲ ಎಂದು ಕರೆಯುತ್ತ ಬಂದಿದ್ದರೆ, ಪೊದೆಯಲ್ಲಿ ಬಿಡುವ ಯೋಚನೆ ಬಹುಶಃ ಯಾರಿಗೂ ಹೊಳೆಯುತ್ತಿರಲಿಲ್ಲ.

ಚೆನ್ನಾಗಿ ಸಾಕಿದರೆ ಇದು 8-10 ವರ್ಷ ಬಾಳುತ್ತದೆ. ಎರಡನೆಯ ತರಗತಿಯ ಮಗುವಿಗೆಂದು ತಂದರೆ ಎಸ್ಸೆಸ್ಸೆಲ್ಸಿ ಮುಗಿಯುವವರೆಗಿನ ಹೊಣೆ. ಮಗು ಹಟ ಹಿಡಿದಾಗ ಮೊದಲು ಆ ಲೆಕ್ಕ ಹಾಕಿ. ಲೆಕ್ಕ ಸರಿಹೋದರೆ ಅಂಗಡಿಗೆ ಹೋಗುವ ಮುಂಚೆ, ಮನೆ ಕಳೆದುಕೊಂಡ ಮೊಲ ಎಲ್ಲಾದರೂ ಇದೆಯೇ ಎಂದು ವಿಚಾರಿಸಿ.