ಹಾರ್ಡ್ ಡಿಸ್ಕಿನ ಗುಂಯ್‌ಗುಡುವ ಚರಿತ್ರೆ

ಮನೆಯ ಕೋಣೆಯಲ್ಲೇ ಗಮಕ ವಾಚನ ಧ್ವನಿಮುದ್ರಿಸುವ ನನ್ನಂಥವನಿಗೆ ಹಾರ್ಡ್ ಡಿಸ್ಕಿನ ಚರಿತ್ರೆಯೆಂದರೆ ಮೊದಲು ಅದರ ಸದ್ದಿನ ಚರಿತ್ರೆ. ಎಲ್ಲರೂ ಎಷ್ಟು ಜಿಬಿ ಎಂದು ಕೇಳುತ್ತಿದ್ದಾಗ ನಾನು ಅಂಗಡಿಯಲ್ಲಿ ಡಿಸ್ಕಿಗೆ ಕಿವಿಗೊಟ್ಟು ನಿಲ್ಲುತ್ತಿದ್ದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಗದ್ದಲದಲ್ಲಿ ಏನೂ ಕೇಳಿಸುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

1956ರಲ್ಲಿ ಐಬಿಎಂ ಹೊರತಂದ ಮೊದಲ ಡಿಸ್ಕ್ ಘಟಕ ಸಿದ್ಧವಾದದ್ದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಎರಡಡಿ ಅಗಲದ 50 ತಟ್ಟೆಗಳು, ನಿಮಿಷಕ್ಕೆ 1,200 ಸುತ್ತು, ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಓದಿ ಬರೆಯುವ ಹೆಡ್ಡು ತಟ್ಟೆಗೆ ತಾಗದಿರಲೆಂದು ನಡುವೆ ಒತ್ತಿದ ಗಾಳಿ ಊದಬೇಕಿತ್ತು, ಅದಕ್ಕೊಂದು ಕಂಪ್ರೆಸರ್. ಟನ್ನಿಗೂ ಮಿಕ್ಕಿ ತೂಗುವ ಯಂತ್ರ ಸದ್ದು ಮಾಡುತ್ತದೆಂದು ಯಾರು ದೂರಿಯಾರು? 1980ರಲ್ಲಿ ಸೀಗೇಟ್ ಐದೂಕಾಲು ಇಂಚಿನ, 5 ಎಂಬಿಯ ಡಿಸ್ಕ್ ತಂದಿತು. ಡಿಸ್ಕು ಮೇಜಿನ ಮೇಲೆ, ಕಿವಿಯ ಹತ್ತಿರಕ್ಕೆ ಬಂದದ್ದು ಆ ಕಾಲದಲ್ಲಿ.

ಆಮೇಲೆ ವೇಗದ ಹುಚ್ಚು. ಸೀಗೇಟಿನದೇ 1992ರ ಬ್ಯಾರಕುಡಾ 7,200 ಸುತ್ತಿಗೆ ಏರಿತು, 1996ರ ಚೀತಾ 10,000ಕ್ಕೆ. ಇದರ ಬೆಲೆ ಕರೆಂಟಿನಲ್ಲಿ ಕಾಣುತ್ತದೆ. 5,400ರಿಂದ 7,200ಕ್ಕೆ ಹೋದರೆ ಹೆಚ್ಚುವ ವೇಗ ಮೂರನೇ ಒಂದು ಪಾಲು ಮಾತ್ರ, ಆದರೆ ತಟ್ಟೆ ಗಾಳಿಯೊಡನೆ ಗುದ್ದಾಡಲು ಬೇಕಾಗುವ ಶಕ್ತಿ ದುಪ್ಪಟ್ಟನ್ನೂ ದಾಟುತ್ತದೆ. ಇದರ ಜೊತೆಗೆ ಬಾಲ್ ಬೇರಿಂಗ್. ಉಕ್ಕಿನ ಗುಂಡು ಎಷ್ಟೇ ನುಣುಪಾದರೂ ಪೂರ್ತಿ ದುಂಡಗಿರುವುದಿಲ್ಲ. ಸವೆದಷ್ಟೂ ಸೊಳ್ಳೆಯಂತೆ ಗುಂಯ್‌ಗುಡುತ್ತದೆ. ಕುಮಾರವ್ಯಾಸನ ಒಂದು ಪದ್ಯ ಮುಗಿದು ಇನ್ನೊಂದು ಶುರುವಾಗುವ ಮುಂಚಿನ ಮೌನದಲ್ಲಿ ಮೈಕು ಹಿಡಿಯುತ್ತಿದ್ದದ್ದು ಇದನ್ನೇ.

ಇದಕ್ಕೆ ಮದ್ದು ಸಿಕ್ಕಿದ್ದು ಗುಂಡಿನ ಬದಲು ಎಣ್ಣೆಯ ತೆಳುಪದರದ ಮೇಲೆ ತಿರುಗುವ ದ್ರವ ಬೇರಿಂಗಿನಲ್ಲಿ. 2001ರ ಬ್ಯಾರಕುಡಾ ಎಟಿಎ 4 ಹೆಸರು ಮಾಡಿದ್ದು ಈ ಮೌನಕ್ಕಾಗಿ. ಆದರೆ ಕಂಪನಿಗಳಿಗೆ ನಮ್ಮ ಕಿವಿಯ ಮೇಲೆ ಅಂಥ ಕನಿಕರವೇನೂ ಇರಲಿಲ್ಲ. ತಟ್ಟೆಯ ಮೇಲಿನ ಟ್ರ್ಯಾಕುಗಳು ಕಿರಿದಾಗುತ್ತ ಹೋದಂತೆ ಗುಂಡುಗಳ ಅಲುಗಾಟಕ್ಕೆ ಹೆಡ್ಡು ದಾರಿ ತಪ್ಪುತ್ತಿತ್ತು. ಎಣ್ಣೆ ಆ ಅಲುಗಾಟವನ್ನು ತಗ್ಗಿಸಿತು, ಮೌನ ಅದರ ಜೊತೆಗೆ ಬಂತು. ಉಳಿದದ್ದು ಹೆಡ್ಡು ಓಡಾಡುವ ಕಟಕಟ. ಅದಕ್ಕೂ ಆಗ ಒಂದು ಕೀಲಿ ಇತ್ತು: 128ರಿಂದ 254ರವರೆಗಿನ ಒಂದು ಅಂಕಿ. ನಾನು ಎಲ್ಲಕ್ಕಿಂತ ಮೆಲುಸದ್ದಿನ 128ಕ್ಕೇ ಇಡುತ್ತಿದ್ದೆ. ನಿಧಾನವಾಗುತ್ತದೆ ನಿಜ, ಆದರೆ ವಾಚನದ ಫೈಲು ಒಂದೇ ಸಮನೆ ಬರೆಯುತ್ತ ಹೋಗುವಂಥದು, ಹೆಡ್ಡಿಗೆ ಜಿಗಿಯುವ ಕೆಲಸವೇ ಕಡಿಮೆ.

2007ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ಹಸಿರು ಡಿಸ್ಕುಗಳು ಬಂದವು. ನಿಧಾನದ ಸುತ್ತು, ಕಡಿಮೆ ಕರೆಂಟು, ಕಡಿಮೆ ಸದ್ದು. ಎಂಟು ಸೆಕೆಂಡು ಕೆಲಸವಿಲ್ಲದಿದ್ದರೆ ಹೆಡ್ಡನ್ನು ಪಕ್ಕಕ್ಕೆ ಮಲಗಿಸುವ ಜಾಣತನ ಬೇರೆ. ಲಿನಕ್ಸ್ ಬಳಸುವವರು ಇದರಲ್ಲಿ ಸಿಕ್ಕಿಬಿದ್ದರು: ಕಂಪ್ಯೂಟರು ಆಗಾಗ ಏನಾದರೂ ಗೀಚುವುದು, ಮಲಗಿದ ಹೆಡ್ಡು ಏಳುವುದು, ಮತ್ತೆ ಮಲಗುವುದು. ಮೂರು ಲಕ್ಷ ಸಲ ತಾಳಬೇಕಾದ ಡಿಸ್ಕಿನ ಲೆಕ್ಕ ಕೆಲವೇ ತಿಂಗಳಲ್ಲಿ ಮುಗಿಯುವ ಹಾಗಿತ್ತು. ಕರೆಂಟು ಉಳಿಸುವುದೂ ಬಾಳಿಕೆಯೂ ಒಂದೇ ಎಂದು ನಂಬಿಸಿದ ಜಾಹೀರಾತುಗಳ ಮೇಲೆ ನನಗೆ ಇಂದಿಗೂ ಗುಮಾನಿ. ಅದೇ ವರ್ಷ ಗೂಗಲ್ ತನ್ನ ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಅಧ್ಯಯನ ಪ್ರಕಟಿಸಿತು. ಜನ ಅಂದುಕೊಂಡಷ್ಟು ನಂಟು ಬಿಸಿಗೂ ಡಿಸ್ಕಿನ ಸಾವಿಗೂ ಅದರಲ್ಲಿ ಕಾಣಲಿಲ್ಲ. ನನಗಂತೂ ಅದು ಫ್ಯಾನಿನ ವೇಗ ಇಳಿಸಲು ಸಿಕ್ಕ ಅಪ್ಪಣೆ.

2013ರಲ್ಲಿ ಎಚ್‌ಜಿಎಸ್‌ಟಿ ಕಂಪನಿ ಡಿಸ್ಕಿನೊಳಗೆ ಹೀಲಿಯಂ ತುಂಬಿ ಮುಚ್ಚಿತು. ಗಾಳಿಯ ಏಳನೇ ಒಂದು ಸಾಂದ್ರತೆ; ಎಳೆತ ಕಡಿಮೆ, ಹಾಗಾಗಿ ಏಳು ತಟ್ಟೆಗಳಲ್ಲಿ 6 ಟಿಬಿ. ಆದರೆ ಅವು ದೊಡ್ಡ ಡೇಟಾ ಸೆಂಟರುಗಳಿಗೆಂದು ಹುಟ್ಟಿದವು, ಸುತ್ತುವುದು 7,200ರಲ್ಲೇ. ಮನೆಯಲ್ಲಿ ಅವುಗಳ ಹೆಡ್ಡಿನ ಓಡಾಟ ಚೆನ್ನಾಗಿಯೇ ಕೇಳಿಸುತ್ತದೆ. ಹಾಗಾಗಿ ಗಮಕದ ಸಂಗ್ರಹವನ್ನು 5,400ರ ಎರಡು ಡಿಸ್ಕುಗಳಲ್ಲಿ ಇಟ್ಟಿದ್ದೇನೆ. ಒಂದು ನನ್ನಲ್ಲಿದೆ, ಇನ್ನೊಂದು ತಮ್ಮನ ಮನೆಯಲ್ಲಿ.