ಹೊಗೆಯನ್ನು ತೊಳೆದ ವಿದ್ಯುದಾಗಾರ

ಲಂಡನ್ನಿನಲ್ಲಿ ಥೇಮ್ಸ್ ನದಿಯ ದಕ್ಷಿಣ ದಂಡೆಯ ಮೇಲೆ ನಾಲ್ಕು ಬಿಳಿ ಹೊಗೆಕೊಳವೆಗಳ ಭಾರಿ ಇಟ್ಟಿಗೆ ಕಟ್ಟಡವೊಂದಿದೆ. ಅದೇ ಬ್ಯಾಟರ್‌ಸೀ ವಿದ್ಯುದಾಗಾರ. ಅಲ್ಲೀಗ ಕಲ್ಲಿದ್ದಲು ಉರಿಯುವುದಿಲ್ಲ. ಟರ್ಬೈನುಗಳಿದ್ದಲ್ಲಿ ಅಂಗಡಿಗಳು, ಬಾಯ್ಲರುಗಳಿದ್ದಲ್ಲಿ ಕಚೇರಿಗಳು ಬಂದಿವೆ. ಒಂದು ಹೊಗೆಕೊಳವೆಯೊಳಗೆ ಲಿಫ್ಟ್ ಪ್ರವಾಸಿಗರನ್ನು 109 ಮೀಟರ್ ಎತ್ತರಕ್ಕೆ ಒಯ್ಯುತ್ತದೆ. ಈ ಕೊಳವೆಗಳ ಹೊಗೆಗೂ ಒಂದು ಚರಿತ್ರೆಯಿದೆ.

1929ರಲ್ಲಿ ಕಟ್ಟಡದ ಕೆಲಸ ಆರಂಭವಾದಾಗ ಜನರಿಂದ ತೀವ್ರ ವಿರೋಧ ಬಂದಿತು. ಕಲ್ಲಿದ್ದಲಿನಲ್ಲಿರುವ ಗಂಧಕ ಉರಿದಾಗ ಸಲ್ಫರ್ ಡೈಆಕ್ಸೈಡ್ ಅನಿಲ ಉಂಟಾಗುತ್ತದೆ. ಅದು ನೀರಿನೊಡನೆ ಸೇರಿ ಆಮ್ಲವಾಗುತ್ತದೆ. ನಗರದ ನಡುವೆ ಇಂತಹ ಸ್ಥಾವರ ಬಂದರೆ ಉದ್ಯಾನಗಳು, ಹಳೆಯ ಕಟ್ಟಡಗಳು, ಚಿತ್ರಶಾಲೆಯ ವರ್ಣಚಿತ್ರಗಳು ಹಾಳಾಗುತ್ತವೆ ಎಂಬ ಆತಂಕವಿತ್ತು. ಆದ್ದರಿಂದ ಹೊಗೆಯನ್ನು ಶುದ್ಧಗೊಳಿಸಿಯೇ ಹೊರಬಿಡಬೇಕಾಯಿತು.

ಲೆನರ್ಡ್ ಪಿಯರ್ಸ್ ನೇತೃತ್ವದ ಎಂಜಿನಿಯರುಗಳು ಹೊಗೆಯ ಮೇಲೆ ನದಿನೀರನ್ನೇ ಸಿಂಪಡಿಸಿದರು. ಸುಣ್ಣದ ಅಂಶವಿರುವ ಥೇಮ್ಸ್ ನೀರು ತುಸು ಪ್ರತ್ಯಾಮ್ಲೀಯ. ಸಾಲದ್ದಕ್ಕೆ ಸುಣ್ಣದ ಪುಡಿಯನ್ನೂ ಬೆರೆಸುತ್ತಿದ್ದರು. ಆಮ್ಲ ತಟಸ್ಥಗೊಂಡು ಗಂಧಕದ ಬಹುಪಾಲು ನೀರಿನಲ್ಲಿ ಉಳಿಯುತ್ತಿತ್ತು. 1933ರಲ್ಲಿ ವಿದ್ಯುತ್ ಉತ್ಪಾದನೆ ಆರಂಭಿಸಿದ ಈ ಸ್ಥಾವರ, ದೊಡ್ಡ ಪ್ರಮಾಣದಲ್ಲಿ ಹೊಗೆಯಿಂದ ಗಂಧಕ ತೆಗೆದ ಮೊದಲಿಗರ ಸಾಲಿನಲ್ಲಿದೆ.

ಆದರೆ ಗಂಧಕ ನಾಶವಾಗಲಿಲ್ಲ, ಸ್ಥಳ ಬದಲಿಸಿತು ಅಷ್ಟೆ. ಹೊಗೆ ತೊಳೆದ ನೀರು ಸಲ್ಫೇಟುಗಳೊಡನೆ ಮತ್ತೆ ಥೇಮ್ಸ್ ಸೇರಿತು. ಇನ್ನೊಂದು ತೊಡಕೂ ಇತ್ತು. ಬಿಸಿ ಹೊಗೆ ಹಗುರವಾಗಿ ಮೇಲೇರುತ್ತದೆ. ನೀರಿನಲ್ಲಿ ತೊಯ್ದು ತಣಿದ ಹೊಗೆ ಕೆಲವೊಮ್ಮೆ ನೆಲದತ್ತ ಇಳಿಯುತ್ತಿತ್ತು. 1952ರ ಡಿಸೆಂಬರ್ 5ರಿಂದ 9ರವರೆಗೆ ಮೇಲಿನ ಬಿಸಿ ಗಾಳಿಯ ಪದರ ಕೆಳಗಿನ ತಣ್ಣನೆಯ ಗಾಳಿಗೆ ಮುಚ್ಚಳದಂತಾಯಿತು. ಮನೆಮನೆಯ ಅಗ್ಗಿಷ್ಟಿಕೆ, ಕಾರ್ಖಾನೆ ಮತ್ತು ವಿದ್ಯುದಾಗಾರಗಳ ಹೊಗೆ ಮಂಜಿನೊಡನೆ ಬೆರೆತು ನಗರವನ್ನು ಮುಸುಕಿತು. ಸುಮಾರು 4,000 ಮಂದಿ ಸತ್ತರೆಂದು ಆಗ ಅಂದಾಜು ಮಾಡಲಾಯಿತು. ಮುಂದಿನ ಅಧ್ಯಯನವೊಂದು ಈ ಸಂಖ್ಯೆಯನ್ನು ಸುಮಾರು 12,000 ಎಂದಿತು. 1956ರಲ್ಲಿ ಶುದ್ಧಗಾಳಿ ಕಾಯಿದೆ ಬಂದಿತು.

ಇಲ್ಲಿನ ಒಂದು ತ್ಯಾಜ್ಯಕ್ಕೆ ಮಾತ್ರ ಒಳ್ಳೆಯ ದಾರಿ ಸಿಕ್ಕಿತು. 1950ರಿಂದ, ವ್ಯರ್ಥವಾಗುತ್ತಿದ್ದ ಶಾಖದ ಒಂದಂಶ ಬಿಸಿನೀರಿನ ರೂಪದಲ್ಲಿ ನದಿಯಡಿಯಿಂದ ಸಾಗಿ ಎದುರು ದಂಡೆಯ ಪಿಮ್ಲಿಕೋದ ಮನೆಗಳನ್ನು ಬೆಚ್ಚಗಿಟ್ಟಿತು.

ಸ್ಥಾವರದ ಹಳೆಯ ಅರ್ಧಭಾಗ 1975ರಲ್ಲಿ, ಉಳಿದರ್ಧ 1983ರಲ್ಲಿ ನಿಂತಿತು. ದಶಕಗಳ ಕಾಲ ಪಾಳುಬಿದ್ದಿದ್ದ ಕಟ್ಟಡ 2022ರಲ್ಲಿ ಮತ್ತೆ ಬಾಗಿಲು ತೆರೆಯಿತು. 2024ರಲ್ಲಿ ಬ್ರಿಟನ್ ತನ್ನ ಕೊನೆಯ ಕಲ್ಲಿದ್ದಲು ವಿದ್ಯುದಾಗಾರವನ್ನೂ ಮುಚ್ಚಿತು.

ಭಾರತ 2015ರಲ್ಲಿ ಉಷ್ಣ ವಿದ್ಯುತ್ ಸ್ಥಾವರಗಳ ಸಲ್ಫರ್ ಡೈಆಕ್ಸೈಡಿಗೆ ಮಿತಿ ಗೊತ್ತುಪಡಿಸಿತು. ಇಂದಿನ ಗಂಧಕ ನಿವಾರಣಾ ಘಟಕಗಳಲ್ಲಿ ಸುಣ್ಣಕಲ್ಲಿನ ಗಂಜಿ ಗಂಧಕವನ್ನು ಜಿಪ್ಸಮ್ ಆಗಿಸುತ್ತದೆ; ಅದು ಸಿಮೆಂಟಿಗೆ ಬಳಕೆಯಾಗಬಲ್ಲದು. ಹೊಗೆ ಶುದ್ಧವಾಯಿತೆಂದು ಕೇಳಿದಾಗ, ತೆಗೆದ ಗಂಧಕ ಎಲ್ಲಿಗೆ ಹೋಯಿತೆಂದು ವಿದ್ಯಾರ್ಥಿಗಳು ವಿಚಾರಿಸಬೇಕು.